ಮೂರು ಕೋರ್ ಮಂಡಿಗೆ, ಒಂದು ಗಾಳಿಗೆ

ಸುಪ್ರಿಯಾ ಅವರನ್ನು ನಾನು ಮೊದಲು ಕಂಡದ್ದು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ, ಫೆಬ್ರವರಿಯ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ. ಅಡಿಕೆ ಆರಿಸುವ ಯಂತ್ರದ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ, ಪಕ್ಕದಲ್ಲಿ ಬಿಟ್ಟ ನೀಲಿ ಚಪ್ಪಲಿ. ನಿಮ್ಮ ಹತ್ತಿರ ಕೆಲಸಕ್ಕೆ ಸೇರಲು ಬಂದಿದ್ದೇನೆ ಎಂದೆ.

"ಡಿಗ್ರಿ ಆಗಿದೆಯಾ? ಒಳ್ಳೇದು. ಆ ಟಾರ್ಚ್ ಕೊಡಿ ಮಾರಾಯ್ರೆ."

ಅವರು ಭದ್ರಾವತಿಯ ನ್ಯೂ ಟೌನಿನವರು, ಫಿಟ್ಟರ್ ಒಬ್ಬರ ಮಗಳು, ಡಿಪ್ಲೊಮಾ ಓದಿದವರು. ಎರಡು ವರ್ಷ ಕೂತು ಆ ಯಂತ್ರ ಮಾಡಿದ್ದರು. ಮಂಡಿಯ ಲಕ್ಷ್ಮೀಕಾಂತ ಸಾವ್ಕಾರರು ಶುಕ್ರವಾರದವರೆಗೆ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಒಂದು ದಿನವಾದರೂ ಅಡಿಕೆ ಬೆರಕೆಯಾಗದೆ ಓಡದಿದ್ದರೆ ಯಂತ್ರ ವಾಪಸ್ಸು.

ಬೆಲ್ಟಿನ ಮೇಲೆ ಬರುವ ಅಡಿಕೆಯನ್ನು ಕ್ಯಾಮೆರಾ ನೋಡುತ್ತದೆ. ಕೀಳು ದರ್ಜೆಯ ಗೊರಬಲು ಕಂಡರೆ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಕಣ್ಣೆವೆ ಇಕ್ಕುವಷ್ಟು ತಡವಾದರೂ ಹಿಂದಿನ ಒಳ್ಳೆಯ ಅಡಿಕೆ ಹಾರುತ್ತದೆ. ಪರದೆ ತೋರಿಸುವುದು, ತೂಕದ ಚೀಟಿ ಮುದ್ರಿಸುವುದು, ಫೋಟೊ ಉಳಿಸುವುದು ಕೂಡ ಇದನ್ನೆಲ್ಲ ನಡೆಸುವ, ಯಂತ್ರದೊಳಗಿನ ಪುಟ್ಟ ಕಂಪ್ಯೂಟರಿನದೇ ಕೆಲಸ. ಅದರ ಪ್ರೊಸೆಸರಿನಲ್ಲಿ ನಾಲ್ಕು ಕೋರ್, ಅಂದರೆ ಒಟ್ಟಿಗೆ ದುಡಿಯುವ ನಾಲ್ಕು ಆಳು. ಚೀಟಿ ಮುದ್ರಿಸುವಾಗಲೆಲ್ಲ ಗಾಳಿ ತಡವಾಗುತ್ತಿತ್ತು.

ಮಂಗಳವಾರ ಸುಪ್ರಿಯಾ ನಾಲ್ಕೂ ಕೋರುಗಳಲ್ಲಿ ಗಾಳಿಯ ಕೆಲಸಕ್ಕೇ ಮೊದಲ ಹಕ್ಕು ಕೊಟ್ಟರು. ಆರಿಸುವುದು ಸರಿಹೋಯಿತು. ಆದರೆ ಮುಂದಿನ ಅಡಿಕೆಗೆ ಕಾಯುವಾಗಲೂ ಆ ಕೆಲಸ ಒಂದು ಕೋರನ್ನೂ ಬಿಟ್ಟುಕೊಡದೆ ಪರದೆ ನಿಂತುಬಿಟ್ಟಿತು. ಯಂತ್ರ ನಡೆಸುತ್ತಿದ್ದವರು ಶೇಷಮ್ಮ. ಮೂವತ್ತು ವರ್ಷ ಕೈಯಲ್ಲೇ ಅಡಿಕೆ ಆರಿಸಿದವರು. ಮನೆಯ ಟಿವಿ ನಿಂತರೆ ಮಾಡುವಂತೆ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರು. ಗಾಳಿ ಶುರುವಾಗುವ ಮೊದಲೇ ಬೆಲ್ಟ್ ಓಡಿ, ಮೂರು ಚೀಲ ಬೆರಕೆಯಾಯಿತು.

ಶೇಷಮ್ಮನವರನ್ನು ಸುಪ್ರಿಯಾ ಬೈಯಲಿಲ್ಲ. ಬುಧವಾರ ಒಂದು ಕೋರನ್ನು ಗಾಳಿಗೇ ಮೀಸಲಿಟ್ಟು, ಉಳಿದದ್ದನ್ನೆಲ್ಲ ಮಿಕ್ಕ ಮೂರಕ್ಕೆ ಹಂಚಿದರು.

"ಅಂದ್ರೆ ಒಂದು ಸುಮ್ನೆ ಕೂತಿರುತ್ತಾ?" ಎಂದರು ಸಾವ್ಕಾರರು.

"ಅಡಿಕೆ ಇಲ್ದಾಗ ಕೂತಿರುತ್ತೆ ಸರ್."

ಶೇಷಮ್ಮ ನಡುವೆ ಬಾಯಿ ಹಾಕಿದರು. "ತಕ್ಕಡಿ ಹತ್ರ ಕೂತೋನನ್ನ ಟೀ ತರೋಕೆ ಕಳಿಸ್ತೀರಾ ಸಾವ್ಕಾರ್ರೆ?"

"ನಿನ್ನ ಕಳಿಸ್ತೀನಿ," ಎಂದು ಅವರು ನಕ್ಕರು.

ಗುರುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಯಂತ್ರ ಓಡಿತು. ಚೀಟಿ ಎರಡು ಸೆಕೆಂಡ್ ತಡವಾಗಿ ಬರುತ್ತಿತ್ತು, ಅಷ್ಟೆ. ಶೇಷಮ್ಮ ಒಂದು ಚೀಲ ನೆಲಕ್ಕೆ ಸುರಿದು ಕೈಯಾಡಿಸಿದರು. ಆರು ಗೊರಬಲು ಸಿಕ್ಕವು. "ನಾನಾಗಿದ್ರೆ ಹತ್ತು ಬಿಟ್ಟಿರ್ತಿದ್ದೆ," ಎಂದರು. ಸಾವ್ಕಾರರು ಯಂತ್ರ ಇಟ್ಟುಕೊಂಡರು.

ಸುಪ್ರಿಯಾ ಈಗ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟುಕೊಂಡು ಅಡಿಕೆ ಆರಿಸುವ ಯಂತ್ರ ಮಾಡುತ್ತಾರೆ.