ಗೋಡೆ ಹಿಡಿದ ಕೈ

ನಮ್ಮ ಮನೆಯ ಹಿರಿಯರು ಮಾತು ಕಲಿಸುವಾಗ ಮೊದಲು ಕಲಿಸಿದ್ದೇ ಇದು: ಬಂದವರು ‘ಹೇಗಿದೀರಿ’ ಎಂದರೆ ‘ಆರಾಮ’ ಎನ್ನಬೇಕು. ನೋವು ನರಳಾಟವನ್ನೆಲ್ಲ ಅವರ ಮುಂದೆ ಹರಡಿ ಕೂರಬಾರದು. ಈ ಪಾಠ ಇಡೀ ಭದ್ರಾವತಿಗೇ ಬಾಯಿಪಾಠ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಹಿಂದೆ, ಶಿವಮೊಗ್ಗದ ಡಾಕ್ಟರೊಬ್ಬರ ಕೈಕೆಳಗೆ ಫಾರಂ ತುಂಬುವ ಕೆಲಸಕ್ಕೆ ಸೇರಿದಾಗ.

ಕೀಲುನೋವಿನ ಒಂದು ಮಾತ್ರೆ ನುಂಗುತ್ತಿದ್ದವರ ಮನೆಗೆ ಹೋಗಿ, ಅದರಿಂದ ಏನಾದರೂ ತೊಂದರೆ ಆಗುತ್ತಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಭದ್ರಾವತಿಯ ಓಲ್ಡ್ ಟೌನಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬಂದರು.

“ತಲೆ ಸುತ್ತುತ್ತಾ ಅಜ್ಜಿ?”

“ಇಲ್ಲಪ್ಪ, ಆರಾಮಿದೀನಿ. ಬಿಸಿಲಲ್ಲಿ ಬಂದಿದೀಯ, ಮೊದ್ಲು ಕಾಫಿ ಕುಡಿ. ನೋಡಿದ್ರೆ ನಿಂಗೇ ತಲೆ ಸುತ್ತೋ ಹಾಗಿದೆ.”

ಇಬ್ಬರೂ ನಕ್ಕೆವು. ನಾನು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಗೋಡೆ ಹಿಡಿದ ಕೈಯನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ಮುಂದಿನ ಮನೆಗಳಲ್ಲೂ ಅದೇ ಕಾಫಿ, ಅದೇ ಆರಾಮ. ಎಲ್ಲ ಸೇರಿ ಡಾಕ್ಟರ ಲೇಖನವಾಗಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನಾನು ಮರೆತೆ.

ಈಚೆಗೆ ನನ್ನ ಹೆಂಡತಿಗೆ ಅದೇ ಮಾತ್ರೆ ಬರೆದುಕೊಟ್ಟರು. ವಾರ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆಗೆ ಕೈ ಕೊಟ್ಟು ನಡೆಯತೊಡಗಿದಳು. ಮಗಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿ ಅವರಿಗೆ ಕೊಟ್ಟಿರುವ ಎಐ ಸಹಾಯಕವನ್ನು ವೈದ್ಯಕೀಯ ಲೇಖನಗಳ ದೊಡ್ಡ ಭಂಡಾರಕ್ಕೇ ಜೋಡಿಸಿದ್ದಾರಂತೆ. ಏನು ಕೇಳಿದರೂ ಆಧಾರ ಸಮೇತ ಹೇಳುತ್ತದೆ. ಅಮ್ಮನ ತಲೆಸುತ್ತು ಈ ಮಾತ್ರೆಯಿಂದಲೇ ಇರಬಹುದೇ ಎಂದು ಮಗಳು ಅದನ್ನೇ ಕೇಳಿದಳು.

“ತಲೆಸುತ್ತು ತೀರಾ ಅಪರೂಪ ಅಂತಿದೆ. ಅಪ್ಪಾ, ನೋಡಿಲ್ಲಿ, ಭದ್ರಾವತಿಲೇ ಮನೆಮನೆಗೆ ಹೋಗಿ ಕೇಳಿದಾರೆ,” ಎಂದು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಲೇಖನದ ಮೇಲೆ, ನಾನು ಫಾರಂ ತುಂಬಿಕೊಟ್ಟ ಅದೇ ಡಾಕ್ಟರ ಹೆಸರು.

“ಹಾಗಾದ್ರೆ ವಯಸ್ಸಿಂದು, ಬಿಡೇ. ಡಾಕ್ಟ್ರಿಗೆ ಹೇಳೋದೇನೂ ಬೇಡ, ಮಾತ್ರೆ ನುಂಗ್ತೀನಿ,” ಎಂದಳು ಹೆಂಡತಿ.

ಇನ್ನು ಅವಳು ಬೀಳುವುದೊಂದೇ ಬಾಕಿ. ನಾನು ಅಜ್ಜಿಯ ಸಂಗತಿಯನ್ನೆಲ್ಲ ಹೇಳಿದೆ. ಮಗಳು ಪೂರ್ತಿ ಕೇಳಿಸಿಕೊಂಡು, ಮೊಬೈಲ್ ತೋರಿಸಿ, “ಇದಕ್ಕೆ ನೀನು ಬರ್ದಿದ್ದು ಮಾತ್ರ ಗೊತ್ತು ಅಪ್ಪಾ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಹೆಂಡತಿಯನ್ನು, ಅವಳಿಗೆ ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

“ಹೇಗಿದೀರಮ್ಮ?” ಎಂದರು ಅವರು.

“ಆರಾಮಿದೀನಿ ಡಾಕ್ಟ್ರೇ.”

ಡಾಕ್ಟರ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು. “ಸ್ವಲ್ಪ ತಡೀರಿ,” ಎಂದೆ. “ಇವಳು ಗೋಡೆ ಹಿಡ್ಕೊಂಡು ನಡೀತಾಳೆ. ಅದನ್ನ ಬರ್ಕೊಳ್ಳಿ.”

ಹೊರಗಿನವರ ಎದುರು ಮನೆಯ ಮರ್ಯಾದೆ ತೆಗೆದವನನ್ನು ನೋಡುವಂತೆ ಹೆಂಡತಿ ನನ್ನನ್ನು ನೋಡಿದಳು.

ಅವಳ ಮಾತ್ರೆ ಬದಲಾಯಿತು. ಲೇಖನ ಹಾಗೇ ಇದೆ. ಕೇಳಿದವರಿಗೆಲ್ಲ ಆ ಸಹಾಯಕ ಇವತ್ತೂ ನಾನು ಹಾಕಿದ ಗುರುತುಗಳನ್ನೇ ಓದಿ ಹೇಳುತ್ತಿರಬೇಕು. ಅಜ್ಜಿ ಆಮೇಲೆ ಎಲ್ಲಾದರೂ ಬಿದ್ದರೋ ಏನೋ. ಆ ಬೀದಿಗೆ ಹೋಗಿ ವಿಚಾರಿಸಲು ನನಗಿನ್ನೂ ಧೈರ್ಯ ಬಂದಿಲ್ಲ.