ಗಡಿಯಾಚೆಯಿಂದ ಒಂದು ಚುಕ್ಕಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನೆರೆಯ ದೇಶಗಳಿಗೆ ಹೋಗುವ ಬಸ್ಸುಗಳ ನಿಲ್ದಾಣದಲ್ಲಿ, ಉದ್ದನೆಯ ಹಜಾರದ ತುದಿಗೆ, ಒಂದೇ ಒಂದು ಮಳಿಗೆಯ ದೀಪ ಉರಿಯುತ್ತಿದೆ. ಮಳಿಗೆ ಎನ್ನುವುದು ಮರ್ಯಾದೆಯ ಮಾತು. ಗಾಜಿನ ಹಾಸಿನ ಒಂದು ಮೇಜು, ಗೋಡೆಗೆ ಬಡಿದ ಎರಡು ಹಲಗೆ, ಚಾರ್ಜರುಗಳ ಗೊಂಚಲು. ಕೂರಲು ಸ್ಟೂಲೂ ಇಲ್ಲ. ಮೇಜಿನ ಹಿಂದೆ ನಿಂತ ಹೆಂಗಸು ಕೂದಲಿನ ಕ್ಲಿಪ್ಪಿನ ಮಗ್ಗುಲಿನಿಂದ ಸಣ್ಣ ತಂತಿಯೊಂದನ್ನು ಎಳೆದು, ಎದುರಿನವರ ಫೋನಿನ ಅಂಚಿನ ತೂತಿಗೆ ಒತ್ತುತ್ತಾರೆ. ಟಕ್ಕೆಂದು ಸಿಮ್ಮಿನ ತಟ್ಟೆ ಹೊರಗೆ ಬರುತ್ತದೆ. ತಂತಿ ಮತ್ತೆ ಕೂದಲು ಸೇರುತ್ತದೆ.

"ಮೇಜಿನ ಮೇಲಿಟ್ರೆ ಉಳಿಯಲ್ಲ. ಯಾರೋ ಒಬ್ಬರು ಹಲ್ಲಿನ ಸಂದಿ ಕೆದಕೋಕೆ ಎತ್ಕೊಂಡು ಹೋಗ್ತಾರೆ," ಎನ್ನುತ್ತಾರೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಹಲವು ದೇಶಗಳನ್ನು ದಾಟಿ ಹೋಗುವವರ ಫೋನಿಗೆ ದಾರಿಯುದ್ದಕ್ಕೂ ಇಂಟರ್‌ನೆಟ್ ಸಿಗುವಂತೆ ಮಾಡಿಕೊಡುವುದು ಇವರ ಕೆಲಸ. ಕಾರ್ಡು ಮಾರಿ ಕೈತೊಳೆದುಕೊಳ್ಳುವ ಜಾಯಮಾನ ಇವರದಲ್ಲ. ಕಾರ್ಡು ಹಾಕಿದ ಪ್ರತಿಯೊಬ್ಬರ ಫೋನಿನಲ್ಲೂ ಮಳಿಗೆಯ ನಂಬರನ್ನು ಸೇರಿಸಿ ಒಂದು ಕಟ್ಟಪ್ಪಣೆ ಮಾಡುತ್ತಾರೆ: ಪ್ರತಿ ಗಡಿ ದಾಟಿದ ಮೇಲೂ ಆ ನಂಬರಿಗೆ ಒಂದು ಚುಕ್ಕಿ ಕಳಿಸಬೇಕು. ಪತ್ರ ಬೇಡ, ಫೋಟೊ ಬೇಡ, ಕ್ಷೇಮ ಸಮಾಚಾರ ಬೇಡ. ಬರಿಯ ಒಂದು ಚುಕ್ಕಿ. ಚುಕ್ಕಿ ಬಂತೆಂದರೆ ಡೇಟಾ ನಡೆಯುತ್ತಿದೆ ಎಂದರ್ಥ. ಬಾರದಿದ್ದರೆ ಎಲ್ಲೋ ಏನೋ ತೊಡಕಾಗಿದೆ. ಹೀಗಾಗಿ ನಿಲ್ದಾಣದ ಚಾಲಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು 'ಚುಕ್ಕಿ ಅಕ್ಕ'.

ಇಂದು ಬೆಳಗಿನ ಮೊದಲ ಬಸ್ಸಿಗೆ ಬಂದವರಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಅವರು ಮಳಿಗೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ನೋಡುತ್ತಾರೆ.

"ಚುಕ್ಕಿ ಯಾಕಮ್ಮಾ? ಪೂರ್ತಿ ವಾಕ್ಯ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನ ಗಂಟೇನೂ ಹೋಗಲ್ಲಮ್ಮ. ಗಡೀಲಿ ಒಂದು ಕೈಲಿ ಬ್ಯಾಗು, ಇನ್ನೊಂದು ಕೈಲಿ ಪಾಸ್‌ಪೋರ್ಟು ಇರುತ್ತೆ. ವಾಕ್ಯ ಬರೆಯೋಕೆ ಮೂರನೇ ಕೈ ಬೇಕಾಗುತ್ತೆ."

ಪಕ್ಕದಲ್ಲಿ ಸೂಟ್‌ಕೇಸುಗಳ ಮುರಿದ ಚಕ್ರ ಬದಲಿಸುವ ಮುದುಕ, ಎಲ್ಲರ 'ಚಕ್ರದ ಮಾಮ', ನೆಲದಲ್ಲೇ ಕುಳಿತು ಕಿಸಕ್ಕೆಂದು ನಗುತ್ತಾರೆ. ಮುಖ್ಯೋಪಾಧ್ಯಾಯಿನಿ ಅವರತ್ತಲೂ ಒಂದು ನೋಟ ಬೀರುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ.

ಅವರ ಹಿಂದೆ ನಿಂತಿರುವುದು ಒಬ್ಬ ದರ್ಜಿ ಮತ್ತು ಅವನ ಅಕ್ಕ. ದರ್ಜಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಇಲ್ಲ. ತಲೆಯ ಮೇಲೆ ತಾನೇ ಹೊಲಿದ ನೀಲಿ ಟೋಪಿ. ಎರಡು ಗಡಿಗಳಾಚೆಗಿನ ಮೂರನೆಯ ದೇಶದ ನಾಟಕಶಾಲೆಯೊಂದರ ಉಡುಪಿನ ಕೋಣೆಯಲ್ಲಿ ಅವನಿಗೆ ಕೆಲಸ ಸಿಗುವ ಸಾಧ್ಯತೆಯಿದೆ. ನಾಳೆ ಬೆಳಿಗ್ಗೆ ಅವನ ಕೈಯ ಹೊಲಿಗೆ ನೋಡುತ್ತಾರೆ. ಎರಡನೆಯ ದೇಶದ ಒಂದು ಜಂಕ್ಷನ್ನಿನಲ್ಲಿ ಅವನು ಬಸ್ಸು ಬದಲಿಸಬೇಕು. ಅಲ್ಲಿ ಯಾವ ಬಾಗಿಲು, ಯಾವ ಬಸ್ಸು ಎಂಬುದನ್ನು ಆಚೆಯಲ್ಲಿರುವ ಗೆಳೆಯ ವಿಡಿಯೊ ಕರೆಯಲ್ಲಿ ಕೈಸನ್ನೆಯಿಂದ ತೋರಿಸುತ್ತಾನೆ.

"ಇವನು ಒಬ್ಬನೇ ಹೋಗ್ತಿರೋದು ಇದೇ ಮೊದಲು, ಅಕ್ಕಾ," ಎನ್ನುತ್ತಾಳೆ ದರ್ಜಿಯ ಅಕ್ಕ. "ಬೇರೆಯವರಾದ್ರೆ ಬಾಯಿಬಿಟ್ಟು ಕೇಳ್ಕೋತಾರೆ. ಬರೆದು ತೋರಿಸೋಣ ಅಂದ್ರೆ ಆ ಊರಿನ ಭಾಷೆ ಇವನಿಗೆ ಬರಲ್ಲ. ಫೋನ್ ಆರಿಹೋದ್ರೆ ಇವನ ಬಾಯಿ ಕಟ್ಟಿದ ಹಾಗೇ."

ದರ್ಜಿ ಅಕ್ಕನ ತುಟಿಗಳನ್ನು ನೋಡಿ, ಬೆರಳುಗಳನ್ನು ಚಕಚಕನೆ ಆಡಿಸುತ್ತಾನೆ. "ಏನಂತೆ?" ಎಂದು ಚುಕ್ಕಿ ಅಕ್ಕ ಕೇಳಿದರೆ, ಅವಳು ಮುಖ ಊದಿಸಿಕೊಂಡು ಹೇಳುತ್ತಾಳೆ: "ನನ್ನ ಬಾಯಿ ಕಟ್ಟೋ ಸಿಮ್ಮೇನಾದ್ರೂ ಇದ್ಯಾ ಅಂತ ನಿಮ್ಮನ್ನ ಕೇಳಬೇಕಂತೆ."

ಕಾರ್ಡು ಕೂರುತ್ತದೆ. ಚುಕ್ಕಿ ಅಕ್ಕ ಅಲ್ಲೇ ಒಂದು ವಿಡಿಯೊ ಕರೆ ಮಾಡಿಸಿ ನೋಡುತ್ತಾರೆ. ಆಚೆಯ ಗೆಳೆಯ ನಿದ್ದೆಗಣ್ಣಿನಲ್ಲೇ ಕೈಬೀಸುತ್ತಾನೆ. ಎಲ್ಲ ಸರಿಯಿದೆ. ಕೊನೆಯದಾಗಿ ಅವರ ಹೆಬ್ಬೆರಳು ಫೋನಿನ ಪರದೆಯ ಮೇಲೆ ಒಮ್ಮೆ ಸರಿದು ಹಿಂದೆ ಬರುತ್ತದೆ. ಬಸ್ಸು ಹೊರಡುತ್ತದೆ. ಕಿಟಕಿಯಲ್ಲಿ ನೀಲಿ ಟೋಪಿ ಕಾಣುವವರೆಗೂ ದರ್ಜಿಯ ಅಕ್ಕ ಕೈಬೀಸುತ್ತಾ ನಿಂತು, ಆಮೇಲೆ ನಿಲ್ದಾಣದ ಎದುರಿನ ಬಟ್ಟೆ ಒಗೆಯುವ ಅಂಗಡಿಗೆ, ತನ್ನ ಕೆಲಸಕ್ಕೆ, ಹೋಗುತ್ತಾಳೆ.

ಜನ ತೆರವಾದ ಮೇಲೆ ಚುಕ್ಕಿ ಅಕ್ಕ ಮೇಜಿಗೆ ಒರಗಿ ಒಂದು ಕಾಲಿಗೆ ಬಿಡುವು ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕೆ. ಮೊದಲು ಇದೇ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿದ್ದರು. ಟಿಕೆಟ್ಟು ಫೋನಿಗೆ ಬಂದಿತು, ಕಿಟಕಿ ಮುಚ್ಚಿತು. "ನನ್ನ ಅನ್ನ ಕಿತ್ಕೊಂಡಿದ್ದು ಫೋನು. ಸರಿ, ಇನ್ನು ಅನ್ನ ಹಾಕೋದೂ ಅದೇ ಆಗಲಿ ಅಂತ ಹಟಕ್ಕೆ ಬಿದ್ದೆ," ಎನ್ನುತ್ತಾರೆ. ಮಳಿಗೆಯ ಯಜಮಾನನ ಬಳಿ ಸಂಬಳಕ್ಕೆ ಸೇರಿ ಇದನ್ನು ಕಲಿತರು. ದಿನಕ್ಕೆ ನಲವತ್ತು, ರಜೆಯ ಕಾಲದಲ್ಲಿ ಅದರ ಎರಡರಷ್ಟು ಫೋನುಗಳು ಇವರ ಕೈದಾಟಿ ಹೋಗುತ್ತವೆ. ಚಳಿಗಾಲದಲ್ಲಿ ಬಾಗಿಲ ಗಾಳಿ ನೇರ ಇವರ ಮೇಜಿಗೇ ನುಗ್ಗುತ್ತದೆ. ಬೆರಳು ಮರಗಟ್ಟಿ, ಉಗುರಿನಗಲದ ಕಾರ್ಡು ಹಿಡಿತಕ್ಕೆ ಸಿಗುವುದಿಲ್ಲ. ಈಚೆಗಂತೂ ಕಾರ್ಡೇ ಬೇಡದ, ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ ಬಂದಿದೆ. ಅದನ್ನು ಮನೆಯಲ್ಲೇ ಹಾಕಿಕೊಂಡು ಬಂದವರೂ ಇವರ ಮೇಜಿನ ಮುಂದೆ ನಿಂತು, "ಒಂದ್ಸಲ ನೋಡಿಬಿಡಿ, ಸರಿ ಇದ್ಯಾ?" ಎನ್ನುತ್ತಾರೆ. ನೋಡಿದ್ದಕ್ಕೆ ಇವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಚುಕ್ಕಿಯ ಅಪ್ಪಣೆ ಮಾತ್ರ ಅವರಿಗೂ ತಪ್ಪಿದ್ದಲ್ಲ.

ಈ ಚುಕ್ಕಿ ಹುಟ್ಟಿದ್ದು ಮನೆಯಲ್ಲಿ. ಗಂಡ ಆಗ ಗಡಿಯಾಚೆಗೆ ಲಾರಿ ಓಡಿಸುತ್ತಿದ್ದರು. ಸಂದೇಶ ಬರೆಯಲು ಅವರಿಗೆ ಸೋಮಾರಿತನ. ಬರೆದರೂ ಓದಲು ಮನೆಯಲ್ಲಿದ್ದ ತಾಯಿಗೆ ಅಕ್ಷರ ಬಾರದು. "ಏನೂ ಬರೀಬೇಡಿ, ಒಂದು ಚುಕ್ಕಿ ಇಟ್ಟು ಸಾಯ್ರಿ ಅಂದೆ. ಬಾಯ್ತಪ್ಪಿ ಸಾಯ್ರಿ ಅಂದಿದ್ದು," ಎಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ. "ಮಾರನೇ ದಿನ ಚುಕ್ಕಿ ಬಂತು. ನಮ್ಮತ್ತೆ ಫೋನ್ ಎದೆಗೆ ಒತ್ಕೊಂಡು, 'ಓದಿದೆ ಕಣೇ' ಅಂದ್ರು." ಗಂಡ ಈಗ ಬೆನ್ನುನೋವಿನಿಂದಾಗಿ ಊರೊಳಗಿನ ಸಣ್ಣ ವ್ಯಾನಿಗೆ ಇಳಿದಿದ್ದಾರೆ. ಚುಕ್ಕಿ ಮಳಿಗೆಗೆ ಬಂದು ಸೇರಿದೆ.

ಬಿಸಿಲು ಹಜಾರದ ಅರ್ಧಕ್ಕೆ ಬರುವ ಹೊತ್ತಿಗೆ ಮಳಿಗೆಯ ಫೋನು ಮಿಡಿಯತೊಡಗುತ್ತದೆ. ಬೆಳಗಿನ ಬಸ್ಸು ಗಡಿ ದಾಟಿದೆ. ಒಂದು ಚುಕ್ಕಿ. ಇನ್ನೊಂದು. ಮುಖ್ಯೋಪಾಧ್ಯಾಯಿನಿಯವರಿಂದ ಪೂರ್ಣ ವಾಕ್ಯಗಳು: "ನಾನು ಗಡಿಯನ್ನು ಕ್ಷೇಮವಾಗಿ ದಾಟಿದ್ದೇನೆ. ಬಸ್ಸಿನ ಶೌಚಾಲಯ ಶುಚಿಯಾಗಿಲ್ಲ." ಚುಕ್ಕಿ ಅಕ್ಕನ ಮುಖ ಅರಳುತ್ತದೆ, ಮರುಕ್ಷಣ ಬಿಗಿಯುತ್ತದೆ. ನೀಲಿ ಟೋಪಿಯವನ ಚುಕ್ಕಿ ಬಂದಿಲ್ಲ.

"ಮರೆತಿರ್ತಾನೆ ಬಿಡಮ್ಮ," ಎನ್ನುತ್ತಾರೆ ಚಕ್ರದ ಮಾಮ.

"ಅವನು ಮರೆಯೋ ಪೈಕಿ ಅಲ್ಲ ಮಾಮ. ಟೋಪಿ ಹೊಲಿಗೆ ನೋಡಿದ್ರಲ್ಲ, ಒಂದು ಎಳೆ ಹೆಚ್ಚುಕಮ್ಮಿ ಇಲ್ಲ."

ಅವರು ಮಳಿಗೆಯಲ್ಲಿದ್ದ ಇನ್ನೊಂದು ಫೋನನ್ನು ಕೈಗೆತ್ತಿಕೊಂಡು, ಬೆಳಿಗ್ಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಮಾಡುತ್ತಾರೆ. ತಟ್ಟೆ ತೆಗೆದದ್ದು, ಕಾರ್ಡು ಇಟ್ಟದ್ದು, ಕರೆ ಮಾಡಿಸಿದ್ದು. ಆಮೇಲೆ ಹೆಬ್ಬೆರಳು ಸರಿದದ್ದು. ಅಲ್ಲಿಗೆ ಬಂದು ಕೈ ನಿಲ್ಲುತ್ತದೆ.

ಏನಾಗಿದೆ ಎಂಬುದನ್ನು ತಿಳಿಯಲು ಒಂದು ಸಂಗತಿ ಸಾಕು. ಫೋನು ತನ್ನ ಕಾರ್ಡಿನ ಸ್ವಂತ ದೇಶವನ್ನು ಬಿಟ್ಟೊಡನೆ ಬೇರೆಯವರ ಜಾಲದಲ್ಲಿ ಅತಿಥಿಯಾಗುತ್ತದೆ. ಹಾಗೆ ಅತಿಥಿಯಾಗಲು ಅನುಮತಿ ಕೊಡುವ ಗುಂಡಿಯ ಹೆಸರು ರೋಮಿಂಗ್. ಎರಡು ಕಾರ್ಡುಗಳ ಫೋನಿನಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿ. ಊರಿನ ಹಳೆಯ ಕಾರ್ಡಿನದು ಆರಿರಬೇಕು, ಇಲ್ಲದಿದ್ದರೆ ಬಿಲ್ಲು ಬೆಟ್ಟದಷ್ಟಾಗಬಹುದು. ಹೊಸ ಕಾರ್ಡಿನದು ಉರಿಯುತ್ತಿರಬೇಕು. ಚುಕ್ಕಿ ಅಕ್ಕ ಹಳೆಯ ಕಾರ್ಡನ್ನು ಸದಾ ತಟ್ಟೆಯ ಮೊದಲ ಮನೆಯಲ್ಲಿ, ಹೊಸದನ್ನು ಎರಡನೆಯದರಲ್ಲಿ ಇಡುತ್ತಾರೆ. ಕೊನೆಗೆ ಮೊದಲನೆಯದರ ರೋಮಿಂಗ್ ಆರಿಸುತ್ತಾರೆ. ದರ್ಜಿಯ ಹಳೆಯ ಕಾರ್ಡು ಮೊದಲೇ ಎರಡನೆಯ ಮನೆಯಲ್ಲಿತ್ತು. ಹೊಸದು ಮೊದಲನೆಯದಕ್ಕೆ ಹೋಯಿತು. ಬೆರಳು ಮಾತ್ರ ತನ್ನ ವಾಡಿಕೆಯನ್ನೇ ನಡೆಸಿತು. ಹೊಸ ಕಾರ್ಡು ಈ ದೇಶದ್ದೇ ಆದ್ದರಿಂದ ಇಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು. ಗಡಿಯಲ್ಲಿ ನಿಂತುಹೋಗಿದೆ.

ಅದೇ ಹೊತ್ತಿಗೆ ದರ್ಜಿಯ ಅಕ್ಕ ಒದ್ದೆ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತಾ ಬರುತ್ತಾಳೆ. "ಬಂತಾ ಅಕ್ಕಾ, ನಮ್ಮವನ ಚುಕ್ಕಿ?"

"ಬಂದಿಲ್ಲ ಕಣಮ್ಮ. ತಪ್ಪು ನನ್ನದೇ. ಆರಿಸಬಾರದ ಗುಂಡಿ ಆರಿಸಿಬಿಟ್ಟಿದೀನಿ."

ಅವಳ ಕಣ್ಣಲ್ಲಿ ನೀರಾಡುತ್ತದೆ. "ಜಂಕ್ಷನ್ ಬಂದ್ರೆ? ಅವನು ಯಾರನ್ನ ಕೇಳ್ತಾನೆ?"

"ಬರೋಕಿನ್ನೂ ಹೊತ್ತಿದೆ. ನೀನು ಇಲ್ಲೇ ನಿಂತಿರು, ನಿನ್ನ ಮುಖ ಬೇಕು ನನಗೆ."

ದರ್ಜಿಗೆ ಕರೆ ಮಾಡಿ ಪ್ರಯೋಜನವಿಲ್ಲ, ಇಂಟರ್‌ನೆಟ್ ಇಲ್ಲದೆ ಸಂದೇಶವೂ ಮುಟ್ಟದು. ಚಾಲಕ ಓಡುವ ಬಸ್ಸಿನಲ್ಲಿ ಫೋನು ಎತ್ತುವುದಿಲ್ಲ, ಎತ್ತಬಾರದು ಕೂಡ. ಅದೇ ಬಸ್ಸಿನಲ್ಲಿದ್ದು, ಇಂಟರ್‌ನೆಟ್ ನಡೆಯುತ್ತಿದ್ದು, ಸಂದೇಶ ನೋಡಿದೊಡನೆ ಉತ್ತರಿಸುವವರು ಯಾರು? ಚುಕ್ಕಿ ಅಕ್ಕ ಒಮ್ಮೆ ಉಸಿರು ಎಳೆದುಕೊಂಡು ಮುಖ್ಯೋಪಾಧ್ಯಾಯಿನಿಗೆ ವಿಡಿಯೊ ಕರೆ ಹಚ್ಚುತ್ತಾರೆ.

"ಶೌಚಾಲಯದ ವಿಷಯವೇನಮ್ಮಾ?" ಎಂದು ಕನ್ನಡಕ ಪರದೆ ತುಂಬುತ್ತದೆ.

"ಅದನ್ನ ಆಮೇಲೆ ಹೇಳಿಸ್ತೀನಮ್ಮ. ಬಸ್ಸಲ್ಲಿ ನೀಲಿ ಟೋಪಿಯವರೊಬ್ಬರು ಇದಾರೆ, ಅವರಿಗೆ ಈ ಫೋನ್ ಕೊಡಬೇಕಿತ್ತು."

ಪರದೆ ತೂಗಾಡುತ್ತದೆ, ಸೀಟುಗಳು, ಮೊಣಕೈಗಳು, ಯಾರದೋ ತೆರೆದ ಬಾಯಿ. ದೂರದಿಂದ ತರಗತಿಯ ದನಿ ಕೇಳುತ್ತದೆ: "ಏಯ್, ನೀಲಿ ಟೋಪಿ! ಎದ್ದು ನಿಲ್ಲು!" ಸ್ವಲ್ಪ ಹೊತ್ತಿಗೆ ಕನ್ನಡಕ ಸಿಟ್ಟಿನಿಂದ ಮರಳುತ್ತದೆ. "ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲವಲ್ಲ! ಏನು ಉದ್ಧಟತನ!"

"ಅವನಿಗೆ ಕಿವಿ ಕೇಳಲ್ಲಮ್ಮ!" ಎಂದು ಮಳಿಗೆಯಿಂದ ಮೂರು ದನಿಗಳು ಒಟ್ಟಿಗೆ ಏಳುತ್ತವೆ, ಮೂರನೆಯದು ಚಕ್ರದ ಮಾಮನದು. "ಭುಜ ಮುಟ್ಟಿ!"

"ಮೊದಲೇ ಹೇಳಬಾರದಿತ್ತೇ," ಎನ್ನುವ ದನಿ ಈಗ ಬಹಳ ಮೆತ್ತಗಿದೆ. ಪರದೆಯಲ್ಲಿ ದರ್ಜಿಯ ಮುಖ ಮೂಡುತ್ತದೆ. ಬೆವರಿದ್ದಾನೆ. ಕೈಯಲ್ಲಿ ಅವನ ಸ್ವಂತ ಫೋನು. ಅದನ್ನು ಆರಿಸಿ ಹಚ್ಚಿ ಸಾಕಾಗಿರುವುದು ನೋಡಿದರೆ ಗೊತ್ತಾಗುತ್ತದೆ. ಅಕ್ಕನ ಮುಖ ಕಂಡೊಡನೆ ಅವನ ಬೆರಳುಗಳು ಹಾರಾಡುತ್ತವೆ. ಅವಳು ಅಷ್ಟೇ ವೇಗದಲ್ಲಿ ಉತ್ತರ ಕೊಡುತ್ತಾಳೆ. ಚುಕ್ಕಿ ಅಕ್ಕ ತಮ್ಮ ಕೈಯ ಫೋನನ್ನು ಕ್ಯಾಮೆರಾದ ಮುಂದೆ ಹಿಡಿದು, ಮೊದಲ ಕಾರ್ಡಿನ ಗುಂಡಿಯ ಮೇಲೆ ಬೆರಳಿಟ್ಟು ಆಚೆಗೆ ಸರಿಸಿ ಹಚ್ಚಿ ತೋರಿಸುತ್ತಾರೆ, ಎರಡನೆಯದನ್ನು ಈಚೆಗೆ ಸರಿಸಿ ಆರಿಸಿ. ಅವನು ತಲೆಯಾಡಿಸುತ್ತಾನೆ. ಕಣ್ಣುಗಳು ತನ್ನ ಫೋನಿನತ್ತ ಕೆಳಗಿಳಿಯುತ್ತವೆ.

ಚಕ್ರದ ಮಾಮ ಸ್ಕ್ರೂಡ್ರೈವರನ್ನು ಗಾಳಿಯಲ್ಲೇ ಹಿಡಿದಿದ್ದಾರೆ.

ಮಳಿಗೆಯ ಫೋನು ಮಿಡಿಯುತ್ತದೆ. ಒಂದು ಚುಕ್ಕಿ.

ದರ್ಜಿಯ ಅಕ್ಕ ಚುಕ್ಕಿ ಅಕ್ಕನನ್ನು ಒದ್ದೆ ಉಡುಪಿನಲ್ಲೇ ತಬ್ಬಿಕೊಳ್ಳುತ್ತಾಳೆ. "ಹೋದ ಜೀವ ಬಂತು ಅಕ್ಕಾ!" ಪರದೆಯಲ್ಲಿ ತಮ್ಮ ಏನೋ ಸನ್ನೆ ಮಾಡುತ್ತಾನೆ. ಅವಳು ಕಣ್ಣೊರೆಸಿಕೊಂಡು ಅನುವಾದಿಸುತ್ತಾಳೆ: "ಹೊಲಿಗೆ ತಪ್ಪಿದ್ರೆ ಬಿಚ್ಚಿ ಹಾಕಬಹುದು, ಬಟ್ಟೆ ಹರಿದಿಲ್ವಲ್ಲ ಅಂತಾನೆ." ಚುಕ್ಕಿ ಅಕ್ಕ ಬೆಳಗಿನಿಂದ ಮೊದಲ ಬಾರಿಗೆ ಬಾಯ್ತುಂಬ ನಗುತ್ತಾರೆ. ಆಮೇಲೆ ಹಲಗೆಯ ಹಿಂದಿನಿಂದ ಕೆಂಪು ಟೇಪು ತೆಗೆದು ತಮ್ಮ ಬಲ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಾರೆ. ಇನ್ನು ಮುಂದೆ ಗುಂಡಿ ಮುಟ್ಟುವ ಮೊದಲು ಟೇಪು ಕಣ್ಣಿಗೆ ಬೀಳಬೇಕು, ಕಾರ್ಡು ಯಾವ ಮನೆಯಲ್ಲಿದೆ ಎಂದು ನೋಡಲು ನೆನಪಾಗಬೇಕು.

ಮಧ್ಯಾಹ್ನ ಜಂಕ್ಷನ್ನಿನಿಂದ ಎರಡು ಸಂದೇಶಗಳು ಬರುತ್ತವೆ. ಒಂದು ದರ್ಜಿಯ ಚುಕ್ಕಿ. ಅದು ಲೆಕ್ಕದ ಪ್ರಕಾರ ಬರಬೇಕಾದದ್ದಲ್ಲ. ಬಸ್ಸು ಬದಲಿಸಿದ್ದಕ್ಕೆ ಅವನಾಗಿ ಕಳಿಸಿದ್ದು. ಇನ್ನೊಂದು ಮುಖ್ಯೋಪಾಧ್ಯಾಯಿನಿಯವರದು: "ಅವನ ಬಸ್ಸಿನ ಬಾಗಿಲವರೆಗೆ ನಾನೇ ಹೋಗಿ ಹತ್ತಿಸಿದ್ದೇನೆ. ನನ್ನ ಕೋಟಿನ ಗುಂಡಿ ಸಡಿಲವಾಗಿತ್ತು, ಹೊಲಿದುಕೊಟ್ಟ."

ಮಳಿಗೆ ಮುಚ್ಚಿದ ಮೇಲೂ ಫೋನು ಚುಕ್ಕಿ ಅಕ್ಕನ ಜೊತೆಗೇ ಮನೆಗೆ ಹೋಗುತ್ತದೆ. ಎರಡು ಕೋಣೆಗಳ ಮನೆ. ಅಡುಗೆ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ ಅದಕ್ಕೊಂದು ಜಾಗ. ಸೊಸೆ ಕಾಲು ಚಾಚಿ ಕುಳಿತರೆ ಕಾವಲು ಅತ್ತೆಯದು. ಅಕ್ಷರ ಬಾರದಿದ್ದರೂ ನಂಬರಿನ ಪಕ್ಕದ ಫೋಟೊ ನೋಡಿ ಅವರು ಯಾರದೆಂದು ಹೇಳುತ್ತಾರೆ, ಚುಕ್ಕಿ ನೋಡಿ ಏನೆಂದು ಹೇಳುತ್ತಾರೆ. ಇಂದು ಸಂಜೆ ಅವರು ತರಕಾರಿ ಹೆಚ್ಚುವುದನ್ನು ಬಿಟ್ಟು ಕೂಗುತ್ತಾರೆ: "ಬಂತು ಕಣೇ! ನೀಲಿ ಟೋಪಿಯವನದು. ಮೂರನೇ ದೇಶ ಮುಟ್ಟಿದ."

ನಿಮಗೇನು ಬೇಕು ಎಂದು ಕೇಳಿದರೆ ಚುಕ್ಕಿ ಅಕ್ಕ ಮೊದಲು ಸ್ಟೂಲು ಎನ್ನುತ್ತಾರೆ. ಆಮೇಲೆ, ಹೆಬ್ಬೆರಳಿನ ಕೆಂಪು ಟೇಪನ್ನು ತಿರುವುತ್ತಾ, ದನಿ ತಗ್ಗಿಸುತ್ತಾರೆ.

"ಇಷ್ಟು ಜನರನ್ನ ಕಳಿಸಿದೀನಿ, ನಾನು ಆ ಗಡಿ ನೋಡೇ ಇಲ್ಲ. ಒಂದ್ಸಲ ಬೆಳಗಿನ ಬಸ್ ಹತ್ತಬೇಕು. ಆಚೆ ಊರಲ್ಲಿ ಸುತ್ತಾಡೋದೇನೂ ಬೇಡ, ಸಂಜೆ ಬಸ್ಸಿಗೇ ವಾಪಸ್ ಬರ್ತೀನಿ. ಗಡಿ ದಾಟಿದ ಮೇಲೆ ಒಂದು ಚುಕ್ಕಿ ಕಳಿಸಬೇಕು, ಅಷ್ಟೇ. ಈ ಉಪ್ಪಿನ ಡಬ್ಬಿ ಮುಂದೆ ನಮ್ಮತ್ತೆ ಕೂತು ಕಾಯ್ತಿರ್ತಾರೆ. ಅವರು ಓದ್ತಾರೆ."