ತೊಟ್ಟಿಲಿಗೆ ಬೇಡವಾದ ಕೌದಿ

ಡೇಕೇರ್‌ನ ಟೀಚರ್ ತೊಟ್ಟಿಲಿನಿಂದ ಕೌದಿಯನ್ನು ಎತ್ತಿ, ನೀಟಾಗಿ ಮಡಚಿ, ನನ್ನ ಅವ್ವನ ಕೈಗೇ ವಾಪಸ್ ಕೊಟ್ಟರು. ನಾವಿರುವ ಪರದೇಶದ ಊರು ಕ್ಯಾಂಪ್‌ಬೆಲ್‌ನ ಆ ಡೇಕೇರ್‌ನಲ್ಲಿ ನನ್ನ ಮಗಳಿಗೆ ಅದು ಮೊದಲ ದಿನ. ಅವ್ವ ಬಾಗಲಕೋಟೆಯಿಂದ ತನ್ನ ಹಳೆಯ ಸೀರೆಗಳನ್ನು ಹೊತ್ತು ತಂದು, ನಮ್ಮ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಕೂತು ಹೊಲಿದ ಕೌದಿ ಅದು. ತಾನು ಊರಿಗೆ ಹೋದ ಮೇಲೂ ಮೊಮ್ಮಗಳು ಅಜ್ಜಿಯ ಸೀರೆಯೊಳಗೇ ಮಲಗಲಿ ಎಂಬ ಆಸೆ ಅವಳಿಗೆ.

ಇಷ್ಟು ಚಿಕ್ಕ ಮಕ್ಕಳ ತೊಟ್ಟಿಲಿನಲ್ಲಿ ಬಿಗಿಯಾಗಿ ಹಾಸಿದ ಬೆಡ್‌ಶೀಟ್ ಬಿಟ್ಟು ಬೇರೇನೂ ಇರುವಂತಿಲ್ಲ, ಹೊದಿಕೆ ಮುಖದ ಮೇಲೆ ಸರಿದರೆ ಉಸಿರು ಕಟ್ಟಬಹುದು ಎಂದರು ಟೀಚರ್. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಸಿಟ್ಟು ಬಂದದ್ದು ನನಗೆ, ಅವಳಿಗಲ್ಲ. ಅವಳು ಖಾಲಿ ತೊಟ್ಟಿಲಿನ ಬೆಡ್‌ಶೀಟನ್ನು ಒಮ್ಮೆ ಕೈಯಿಂದ ಸವರಿದಳು.

“ಕೂಸಿನ ಉಸಿರಿಗೆ ಅಡ್ಡ ಬರೂದಾದ್ರ ಬ್ಯಾಡ ಬಿಡು,” ಎನ್ನುತ್ತ ಕೌದಿಯನ್ನು ನನ್ನ ಹೆಗಲ ಮೇಲೆ ಹಾಕಿದಳು. “ನೀನ ಹೊತ್ಕೋ. ನಿನಗೇನೂ ರೂಲ್ಸ್ ಇಲ್ಲಲ್ಲ.”

ಈಗ ಅವ್ವ ಬಾಗಲಕೋಟೆಯಲ್ಲಿದ್ದಾಳೆ. ಮಗಳು ಮನೆಯಲ್ಲೂ ಬರಿಯ ಬೆಡ್‌ಶೀಟಿನ ಮೇಲೆ ಅಂಗಾತ ಮಲಗುತ್ತಾಳೆ. ವಿಡಿಯೋ ಕಾಲಿನಲ್ಲಿ ಮೊಮ್ಮಗಳನ್ನು ಕಣ್ತುಂಬ ನೋಡಿದ ಮೇಲೆ, ಫೋನು ಇಡುವ ಮುಂಚೆ, ಅವ್ವ ನನ್ನನ್ನು ಕೇಳುತ್ತಾಳೆ: “ಹೊತ್ಕೊಂಡೀ ಇಲ್ಲೋ?” ಹೊರಗೆ ಎಂಥ ಬಿಸಿಲಿದ್ದರೂ ನಾನು ಕೌದಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ತೋರಿಸುತ್ತೇನೆ.